ವರ್ಣ ಮತ್ತು ವರ್ಣಮಾಲೆ: ಆಫ್ರಿಕನ್ ಅಮೆರಿಕನ್ ಆತ್ಮಕಥನಗಳಲ್ಲಿ ಓದಿನ ಪ್ರಸಂಗಗಳು

1. ಪ್ರಸ್ತಾವನೆ

ಕನ್ನಡದಲ್ಲಿ 'ವರ್ಣ' ಎಂಬ ಪದಕ್ಕೆ ಬಣ್ಣ, ಅಕ್ಷರ ಹಾಗೂ ಸಾಮಾಜಿಕ ಶ್ರೇಣಿ ಎಂಬ ಮೂರು ಅರ್ಥಗಳಿವೆ. ವರ್ಣಚಿತ್ರ, ವರ್ಣಮಾಲೆ, ವರ್ಣಾಶ್ರಮ ಎಂಬ ಪದಗಳಲ್ಲಿ ಈ ಅರ್ಥಗಳು ಒಂದರ ಗೊಡವೆ ಒಂದಕ್ಕಿಲ್ಲದಂತೆ ನಿಂತಿವೆ. ಆದರೆ ಮೈಬಣ್ಣವು ಮನುಷ್ಯನ ಶ್ರೇಣಿಯನ್ನು ನಿರ್ಧರಿಸಿ, ಆ ಶ್ರೇಣಿಯು ಅಕ್ಷರ ಯಾರಿಗೆ ಸಲ್ಲಬೇಕು ಎಂಬುದನ್ನು ನಿರ್ಧರಿಸಿದ ಸಮಾಜವೊಂದರಲ್ಲಿ ಈ ಮೂರೂ ಅರ್ಥಗಳು ಒಂದೆಡೆ ಬಂದು ಸೇರುತ್ತವೆ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಆತ್ಮಕಥನಗಳು ಹುಟ್ಟಿದ್ದು ಅಂಥ ಸಮಾಜದಲ್ಲಿ.

ಈ ಆತ್ಮಕಥನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಸನ್ನಿವೇಶವಿದೆ. ನಿರೂಪಕನು ಓದಲು ಕಲಿಯುವ, ಇಲ್ಲವೇ ತನ್ನ ಬದುಕನ್ನು ತಿರುಗಿಸುವ ಪುಸ್ತಕವೊಂದನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಸನ್ನಿವೇಶ ಅದು. ಇದನ್ನು ಇಲ್ಲಿ 'ಓದಿನ ಪ್ರಸಂಗ' ಎಂದು ಕರೆಯಲಾಗಿದೆ. ವಿಮರ್ಶಕ ರಾಬರ್ಟ್ ಸ್ಟೆಪ್ಟೊ 1979ರ ತಮ್ಮ ಕೃತಿಯಲ್ಲಿ ಸ್ವಾತಂತ್ರ್ಯ ಮತ್ತು ಸಾಕ್ಷರತೆಗಳ ಹುಡುಕಾಟವನ್ನು ಇಡೀ ಆಫ್ರಿಕನ್ ಅಮೆರಿಕನ್ ಕಥನಪರಂಪರೆಯ ಮೂಲ ಪುರಾಣವೆಂದು ಗುರುತಿಸಿದ್ದಾರೆ. ಆ ತೀರ್ಮಾನವನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆಯೊಂದನ್ನು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ. ಓದು ಬಿಡುಗಡೆ ತಂದಿತು ಎನ್ನುವಾಗ ಅದು ಯಾವ ಬೆಲೆಗೆ ಬಂತು? ಆ ಬಿಡುಗಡೆ ಒಬ್ಬನದೋ ಹಲವರದೋ?

ಈ ಪ್ರಶ್ನೆಗೆ ಇಂದಿನ ಅಗತ್ಯವೂ ಇದೆ. ಪುಸ್ತಕದಂಗಡಿಗಳಲ್ಲಿ 'ವ್ಯಕ್ತಿತ್ವ ವಿಕಸನ' ಎಂಬ ಹಣೆಪಟ್ಟಿಯ ಸಾಲು ಬೆಳೆಯುತ್ತಲೇ ಇದೆ. ದಮನಿತರ ಆತ್ಮಕಥೆಗಳನ್ನೂ ಅದೇ ಸಾಲಿಗೆ ಸೇರಿಸಿ, ಕಷ್ಟವನ್ನು ಮೆಟ್ಟಿ ನಿಂತ ಸಾಧಕರ ಸ್ಫೂರ್ತಿಗಾಥೆಗಳೆಂದು ಓದುವ, ಓದಿಸುವ ರೂಢಿ ನಮ್ಮ ತರಗತಿಗಳಲ್ಲೂ ಇದೆ. ಹೀಗೆ ಓದಿದಾಗ ವ್ಯಕ್ತಿ ಉಳಿಯುತ್ತಾನೆ, ಚರಿತ್ರೆ ಜಾರಿಹೋಗುತ್ತದೆ. ಅಕ್ಷರವನ್ನು ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆಯ ಜಾಗದಲ್ಲಿ ಅಕ್ಷರವನ್ನು ಗಳಿಸಿದವನ ಛಲ ಮಾತ್ರ ಕಾಣುತ್ತದೆ. ಫ್ರೆಡರಿಕ್ ಡಗ್ಲಾಸ್, ಹ್ಯಾರಿಯೆಟ್ ಜೇಕಬ್ಸ್, ರಿಚರ್ಡ್ ರೈಟ್, ಮಾಯಾ ಏಂಜೆಲೊ ಮತ್ತು ಮಾಲ್ಕಂ ಎಕ್ಸ್ ಅವರ ಕೃತಿಗಳಲ್ಲಿನ ಓದಿನ ಪ್ರಸಂಗಗಳು ಇಂಥ ಓದಿಗೆ ಒಳಗಿನಿಂದಲೇ ಪ್ರತಿರೋಧ ಒಡ್ಡುತ್ತವೆ ಎಂಬುದು ಈ ಲೇಖನದ ವಾದ.

2. ನಿಷೇಧದ ಚರಿತ್ರೆ

1789ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಓಲೌಡಾ ಇಕ್ವಿಯಾನೊ ಬಾಲ್ಯದ ಒಂದು ಅನುಭವವನ್ನು ಹೇಳುತ್ತಾರೆ. ಒಡೆಯನು ಪುಸ್ತಕದೊಂದಿಗೆ ಮಾತನಾಡುತ್ತಿರುವನೆಂದು ಭಾವಿಸಿದ ಹುಡುಗ, ಯಾರೂ ಇಲ್ಲದಾಗ ತಾನೂ ಪುಸ್ತಕವನ್ನೆತ್ತಿಕೊಂಡು ಮಾತನಾಡಿಸುತ್ತಾನೆ, ಉತ್ತರಕ್ಕಾಗಿ ಕಿವಿಗೊಡುತ್ತಾನೆ. ಪುಸ್ತಕ ಮೌನವಾಗಿಯೇ ಉಳಿಯುತ್ತದೆ. ಹೆನ್ರಿ ಲೂಯಿಸ್ ಗೇಟ್ಸ್ 1988ರ ತಮ್ಮ ಅಧ್ಯಯನದಲ್ಲಿ ಈ 'ಮಾತನಾಡುವ ಪುಸ್ತಕ'ದ ಪ್ರತಿಮೆಯು ಹದಿನೆಂಟನೆಯ ಶತಮಾನದ ಹಲವು ಕಪ್ಪು ಲೇಖಕರಲ್ಲಿ ಪುನರಾವರ್ತನೆಯಾಗುವುದನ್ನು ತೋರಿಸಿದ್ದಾರೆ. ತನ್ನೊಡನೆ ಮಾತನಾಡದ ಪುಸ್ತಕದ ಮುಂದೆ ನಿಂತ ಮಗುವಿನ ಚಿತ್ರದಿಂದ ಈ ಪರಂಪರೆ ಆರಂಭವಾಗುತ್ತದೆ.

ಪುಸ್ತಕದ ಈ ಮೌನವನ್ನು ಕಾನೂನೂ ತನ್ನ ಕೈಗೆ ತೆಗೆದುಕೊಂಡಿತ್ತು. 1739ರ ಸ್ಟೋನೊ ದಂಗೆಯ ಬೆನ್ನಿಗೇ, 1740ರಲ್ಲಿ ದಕ್ಷಿಣ ಕೆರೊಲಿನಾ ವಸಾಹತು ಗುಲಾಮರಿಗೆ ಬರವಣಿಗೆ ಕಲಿಸುವವರಿಗೆ 100 ಪೌಂಡುಗಳ ದಂಡ ವಿಧಿಸುವ ಶಾಸನ ಮಾಡಿತು. ಇಲ್ಲಿ ನಿಷೇಧಕ್ಕೊಳಗಾದುದು ಓದಲ್ಲ, ಬರವಣಿಗೆ ಎಂಬುದನ್ನು ಗಮನಿಸಬೇಕು. ಬೈಬಲ್ ಓದುವುದು ವಿಧೇಯತೆಯನ್ನು ಕಲಿಸೀತೆಂಬ ನಂಬಿಕೆ ಆಗಿನ್ನೂ ಇತ್ತು. ಬರೆಯಬಲ್ಲ ಗುಲಾಮನಾದರೋ ತನಗೆ ಬೇಕಾದ ರಹದಾರಿ ಚೀಟಿಯನ್ನು ತಾನೇ ಬರೆದುಕೊಳ್ಳಬಲ್ಲ. 1829ರಲ್ಲಿ ಬಾಸ್ಟನ್ನಿನಲ್ಲಿ ಡೇವಿಡ್ ವಾಕರ್ ಪ್ರಕಟಿಸಿದ 'ಅಪೀಲ್' ಎಂಬ ಹೊತ್ತಗೆ ಗುಟ್ಟಾಗಿ ದಕ್ಷಿಣವನ್ನು ತಲುಪತೊಡಗಿದಾಗ ಓದೂ ಅಪಾಯಕಾರಿಯಾಯಿತು. ಉತ್ತರ ಕೆರೊಲಿನಾದ 1830ರ ಕಾನೂನು ಗುಲಾಮರಿಗೆ ಓದು ಬರಹಗಳೆರಡನ್ನೂ ಕಲಿಸುವುದನ್ನು ನಿಷೇಧಿಸಿತು. ಅಂಕಿಗಳನ್ನು ಕಲಿಸಲು ಮಾತ್ರ ಅವಕಾಶವಿತ್ತಿತು. ಒಡೆಯನ ಕೆಲಸಕ್ಕೆ ಲೆಕ್ಕ ಬರಬೇಕು, ಅಕ್ಷರ ಬರಬಾರದು. ಅಕ್ಷರವು ಆಸ್ತಿಯ ಒಂದು ರೂಪ ಎಂಬ ತಿಳಿವಳಿಕೆ ಈ ಒಂದು ವಿನಾಯಿತಿಯಲ್ಲಿ ಬಯಲಾಗಿದೆ.

3. ಫ್ರೆಡರಿಕ್ ಡಗ್ಲಾಸ್: ನಿಷೇಧವೇ ಪಾಠವಾದುದು

1818ರ ಸುಮಾರಿಗೆ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ಉತ್ತರಕ್ಕೆ ತಪ್ಪಿಸಿಕೊಂಡು ಹೋದ ಡಗ್ಲಾಸ್ 1845ರಲ್ಲಿ ತಮ್ಮ ಮೊದಲ ಆತ್ಮಕಥನವನ್ನು ಪ್ರಕಟಿಸಿದರು. ಸ್ವತಃ ಲೇಖಕನೇ ಬರೆದುದು ಎಂಬ ಘೋಷಣೆ ಆ ಕೃತಿಯ ಶೀರ್ಷಿಕೆಯಲ್ಲೇ ಇದೆ. ಹೀಗಿದ್ದೂ ಅದಕ್ಕೆ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಮುನ್ನುಡಿ, ವೆಂಡೆಲ್ ಫಿಲಿಪ್ಸ್ ಅವರ ಪತ್ರ ಎಂಬ ಎರಡು ಬಿಳಿಯರ ದೃಢೀಕರಣಗಳು ಬೇಕಾದವು. ಕಪ್ಪು ಮನುಷ್ಯನು ಬರೆದ ಪುಸ್ತಕವನ್ನು ಓದುಗರು ನಂಬಬೇಕಾದರೆ ಬಿಳಿಯರು ಸಾಕ್ಷಿ ನುಡಿಯಬೇಕಾಗಿದ್ದ ಕಾಲವದು.

ಬಾಲ್ಟಿಮೋರಿನ ಮನೆಯೊಡತಿ ಸೋಫಿಯಾ ಆಲ್ಡ್ ಬಾಲಕ ಡಗ್ಲಾಸನಿಗೆ ಅಕ್ಷರಮಾಲೆಯನ್ನು ಕಲಿಸತೊಡಗುತ್ತಾಳೆ. ಅವಳ ಗಂಡ ಹ್ಯೂ ಆಲ್ಡ್ ಅದನ್ನು ತಡೆಯುತ್ತಾನೆ. ಓದು ಕಲಿತ ಗುಲಾಮ ಗುಲಾಮಗಿರಿಗೆ ತಕ್ಕವನಾಗಿ ಉಳಿಯಲಾರ ಎಂಬುದು ಅವನ ವಾದ. ಒಡೆಯನು ಹೆಂಡತಿಗೆ ಹೇಳಿದ ಈ ಮಾತು ಪಕ್ಕದಲ್ಲಿದ್ದ ಹುಡುಗನ ಕಿವಿಗೂ ಬೀಳುತ್ತದೆ. ಒಡೆಯ ಅತಿಯಾಗಿ ಹೆದರುವುದೇ ತನಗೆ ಅತಿಯಾಗಿ ಬೇಕಾದುದು ಎಂದು ಆ ಹುಡುಗ ಗ್ರಹಿಸುತ್ತಾನೆ. ಡಗ್ಲಾಸ್ ತಮ್ಮ ಕಲಿಕೆಯ ಋಣವನ್ನು ಒಡತಿಯ ದಯೆಗೂ ಒಡೆಯನ ವಿರೋಧಕ್ಕೂ ಸಮನಾಗಿ ಹಂಚುತ್ತಾರೆ. ಪಾಠ ಹೇಳಿದವಳಷ್ಟೇ ಪಾಠ ನಿಲ್ಲಿಸಿದವನೂ ಇಲ್ಲಿ ಗುರುವಾಗುತ್ತಾನೆ.

ಮುಂದೆ ಬಾಲಕನು ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಪಾಠ ಪಡೆಯುತ್ತಾನೆ. ಹಡಗು ಕಟ್ಟುವ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಬರೆದ ಗುರುತುಗಳಿಂದ ಅಕ್ಷರ ತಿದ್ದುತ್ತಾನೆ. ತನಗೆ ಬಾರದ ಅಕ್ಷರವನ್ನೂ ಬರೆಯಬಲ್ಲೆನೆಂದು ಪಂಥ ಕಟ್ಟಿ, ಎದುರಿನ ಹುಡುಗ ಬರೆದು ತೋರಿಸಿದಾಗ ಕಲಿಯುತ್ತಾನೆ. ಆ ಬಿಳಿಯ ಹುಡುಗರ ಹೆಸರುಗಳನ್ನು ಡಗ್ಲಾಸ್ ತಮ್ಮ ಕೃತಿಯಲ್ಲಿ ಬೇಕೆಂದೇ ಹೇಳುವುದಿಲ್ಲ. ಹೇಳಿದರೆ, ಗುಲಾಮನಿಗೆ ಓದು ಕಲಿಸಿದ ತಪ್ಪಿಗೆ ಅವರು ತೊಂದರೆಗೆ ಸಿಲುಕುತ್ತಿದ್ದರು. ಕೃತಜ್ಞತೆಯನ್ನು ಹೆಸರು ಹೇಳಿ ಸಲ್ಲಿಸಲಾಗದ ಸ್ಥಿತಿಯೂ ಅಕ್ಷರನಿಷೇಧದ ಚರಿತ್ರೆಯ ಭಾಗವೇ ಆಗಿದೆ.

ಸುಮಾರು ಹನ್ನೆರಡನೆಯ ವಯಸ್ಸಿಗೆ ಡಗ್ಲಾಸ್ 50 ಸೆಂಟು ಕೊಟ್ಟು 'ದಿ ಕೊಲಂಬಿಯನ್ ಒರೇಟರ್' ಎಂಬ ಭಾಷಣಸಂಕಲನವನ್ನು ಕೊಳ್ಳುತ್ತಾರೆ. ಅದರಲ್ಲಿ ಒಡೆಯ ಮತ್ತು ಗುಲಾಮನ ನಡುವಿನ ಸಂವಾದವೊಂದಿತ್ತು; ವಾದದಲ್ಲಿ ಗುಲಾಮ ಗೆಲ್ಲುತ್ತಾನೆ. ಸ್ಫೂರ್ತಿಗಾಥೆಯಾಗಿದ್ದರೆ ಕಥನವು ಇಲ್ಲಿ ಉಲ್ಲಾಸದ ಶಿಖರ ಮುಟ್ಟಬೇಕಿತ್ತು. ಡಗ್ಲಾಸ್ ಅದಕ್ಕೆ ವಿರುದ್ಧವಾದುದನ್ನು ಹೇಳುತ್ತಾರೆ. ಓದು ಅವರಿಗೆ ತಮ್ಮ ಸ್ಥಿತಿಯನ್ನು ತೋರಿಸಿತು, ಅದರಿಂದ ಹೊರಬರುವ ದಾರಿಯನ್ನು ತೋರಿಸಲಿಲ್ಲ. ಅಕ್ಷರ ಕಲಿತದ್ದು ವರವೋ ಶಾಪವೋ ಎಂಬ ಅನುಮಾನ ಅವರನ್ನು ಕಾಡುತ್ತದೆ. ಓದು ಬಾರದ ಸಂಗಾತಿಗಳನ್ನು ಕಂಡು ಅಸೂಯೆಯಾಗುತ್ತದೆ. ಅರಿವು ಮೊದಲು ಗಾಯವಾಗಿ ಬರುತ್ತದೆ.

ಈ ಗಾಯ ಮಾಯುವುದು ಒಂಟಿಯಾಗಿ ಅಲ್ಲ. ಮುಂದೆ ಫ್ರೀಲ್ಯಾಂಡ್ ಎಂಬವನ ಹೊಲದಲ್ಲಿ ದುಡಿಯುವಾಗ ಡಗ್ಲಾಸ್ ಗುಟ್ಟಾಗಿ ಭಾನುವಾರದ ಶಾಲೆ ನಡೆಸುತ್ತಾರೆ; ಅಲ್ಲಿ ಒಂದು ಹಂತದಲ್ಲಿ 40ಕ್ಕೂ ಹೆಚ್ಚು ಮಂದಿ ಕಲಿಯುತ್ತಿದ್ದರು. 1836ರಲ್ಲಿ ಅವರು ಸಂಗಾತಿಗಳೊಂದಿಗೆ ತಪ್ಪಿಸಿಕೊಳ್ಳಲು ಯತ್ನಿಸಿದಾಗ ಎಲ್ಲರಿಗೂ ರಹದಾರಿ ಚೀಟಿಗಳನ್ನು ಬರೆದುಕೊಟ್ಟವರು ಅವರೇ. ಸಂಚು ಬಯಲಾಗಿ ಸೆರೆಸಿಕ್ಕಾಗ ತಮ್ಮ ಚೀಟಿಯನ್ನು ಬೆಂಕಿಗೆ ಹಾಕುತ್ತಾರೆ. ಸಂಗಾತಿ ಹೆನ್ರಿಗೆ ಅವನ ಚೀಟಿಯನ್ನು ಬಿಸ್ಕತ್ತಿನೊಂದಿಗೆ ತಿಂದುಬಿಡಲು ಹೇಳುತ್ತಾರೆ. ಕಷ್ಟಪಟ್ಟು ಗಳಿಸಿದ ಅಕ್ಷರವನ್ನು ಜೀವ ಉಳಿಸಿಕೊಳ್ಳಲು ನುಂಗಬೇಕಾದ ಈ ಘಟನೆ, ಅಕ್ಷರವು ಗುಲಾಮನ ಕೈಯಲ್ಲಿ ಎಷ್ಟು ಅಪಾಯದ ವಸ್ತುವಾಗಿತ್ತು ಎಂಬುದನ್ನು ಬೇರಾವ ವಿವರಣೆಗಿಂತ ಸ್ಪಷ್ಟವಾಗಿ ತಿಳಿಸುತ್ತದೆ.

4. ಹ್ಯಾರಿಯೆಟ್ ಜೇಕಬ್ಸ್: ಓದು ಬಲ್ಲ ಹೆಣ್ಣಿನ ಸಂಕಟ

ಡಗ್ಲಾಸ್ ಅವರ ಕಥನವನ್ನೇ ಮಾದರಿಯಾಗಿ ಇಟ್ಟುಕೊಂಡರೆ ಹೆಣ್ಣಿನ ಅನುಭವ ಮರೆಯಾಗುತ್ತದೆ. 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಕಲ್ಪಿತ ಹೆಸರಿನಲ್ಲಿ ಪ್ರಕಟವಾದ ಹ್ಯಾರಿಯೆಟ್ ಜೇಕಬ್ಸ್ ಅವರ 'ಇನ್ಸಿಡೆಂಟ್ಸ್ ಇನ್ ದಿ ಲೈಫ್ ಆಫ್ ಎ ಸ್ಲೇವ್ ಗರ್ಲ್' ಕೃತಿಯನ್ನು ಬಹುಕಾಲ ಕಾದಂಬರಿಯೆಂದೇ ಹಲವರು ಭಾವಿಸಿದ್ದರು. ಜೀನ್ ಫೇಗನ್ ಯೆಲಿನ್ ಅವರ ಸಂಶೋಧನೆ ಹಾಗೂ 1987ರ ಅವರ ಸಂಪಾದಿತ ಆವೃತ್ತಿಯ ನಂತರವೇ ಅದು ಜೇಕಬ್ಸ್ ಬರೆದ ಆತ್ಮಕಥೆಯೆಂಬುದು ಸ್ಥಾಪಿತವಾಯಿತು. ಕಪ್ಪು ಹೆಣ್ಣೊಬ್ಬಳು ಇಂಥ ಕೃತಿಯನ್ನು ಬರೆದಾಳೆಂದು ವಿದ್ವತ್‌ಲೋಕ ನಂಬಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಜೇಕಬ್ಸ್ ಅವರಿಗೆ ಓದು ಕಲಿಸಿದವಳು ಅವರ ಮೊದಲ ಒಡತಿ. ಅದೇ ಒಡತಿ ಸಾಯುವಾಗ ತನ್ನ ಉಯಿಲಿನಲ್ಲಿ ಅವರನ್ನು ಸೋದರಿಯ ಪುಟ್ಟ ಮಗಳಿಗೆ ಆಸ್ತಿಯಾಗಿ ಬಿಟ್ಟುಹೋಗುತ್ತಾಳೆ. ಅಕ್ಷರ ಕೊಟ್ಟ ಕೈಯೇ ದಾಸ್ಯದ ಪತ್ರವನ್ನೂ ಬರೆಯುತ್ತದೆ. ಹೊಸ ಮನೆಯ ಯಜಮಾನನು ಅವರ ಮೇಲೆ ಕಣ್ಣು ಹಾಕುತ್ತಾನೆ. ಕೃತಿಯಲ್ಲಿ ಅವನಿಗೆ ಡಾ. ಫ್ಲಿಂಟ್ ಎಂಬ ಹೆಸರಿದೆ. ಅವರು ತಾವಾಗಿಯೇ ಬರವಣಿಗೆ ಕಲಿಯುತ್ತಿರುವುದು ಅವನ ಕಣ್ಣಿಗೆ ಬಿದ್ದ ಮೇಲೆ ಅವರ ಕೈಗೆ ಚೀಟಿಗಳು ಬರತೊಡಗುತ್ತವೆ. ಡಗ್ಲಾಸ್ ಪಾಲಿಗೆ ಬಿಡುಗಡೆಯ ಮೆಟ್ಟಿಲಾದ ಓದು ಇಲ್ಲಿ ಕಿರುಕುಳಕ್ಕೆ ಹೊಸದೊಂದು ದಾರಿಯಾಗುತ್ತದೆ. ಆಗ ಜೇಕಬ್ಸ್ ತಮಗೆ ಇದನ್ನು ಓದಲು ಬಾರದೆಂದು ಹೇಳಿ ಚೀಟಿಗಳನ್ನು ಹಿಂದಿರುಗಿಸುತ್ತಾರೆ. ಗಳಿಸಿದ ವಿದ್ಯೆಯನ್ನು ಅಲ್ಲಗಳೆಯುವುದೇ ಅವರಿಗೆ ಒದಗಿದ ರಕ್ಷಣೆ.

ಮುಂದೆ ಅವರು ಅಜ್ಜಿಯ ಮನೆಯ ಸೂರಿನಡಿಯ ಕಿರಿದಾದ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿರುತ್ತಾರೆ. ಆ ಅಟ್ಟ 9 ಅಡಿ ಉದ್ದ, 7 ಅಡಿ ಅಗಲವಿತ್ತು. ಅತಿ ಎತ್ತರದ ಜಾಗದಲ್ಲೂ 3 ಅಡಿಯಷ್ಟೇ ಇತ್ತು. ಸಣ್ಣ ರಂಧ್ರದಿಂದ ಬರುವ ಬೆಳಕಿನಲ್ಲಿ ಓದುತ್ತ, ಹೊಲಿಯುತ್ತ ದಿನ ಕಳೆಯುತ್ತಾರೆ. ಅಲ್ಲಿಂದಲೇ ಪತ್ರಗಳನ್ನು ಬರೆದು, ನ್ಯೂಯಾರ್ಕಿನಿಂದ ಅಂಚೆಗೆ ಬೀಳುವಂತೆ ಏರ್ಪಾಟು ಮಾಡಿ, ತಾವು ಉತ್ತರದಲ್ಲಿರುವುದಾಗಿ ಒಡೆಯನನ್ನು ನಂಬಿಸುತ್ತಾರೆ. ಒಡೆಯನೂ ಸುಮ್ಮನಿರುವುದಿಲ್ಲ, ಬಂದ ಪತ್ರವನ್ನು ಅಡಗಿಸಿ ತಾನೇ ಬರೆದ ಬೇರೊಂದನ್ನು ಅಜ್ಜಿಯ ಮುಂದೆ ಓದುತ್ತಾನೆ. ಬರವಣಿಗೆ ಇಲ್ಲಿ ಇಬ್ಬರ ಕೈಯಲ್ಲೂ ಆಯುಧ. ಇದೇ ಕೃತಿಯಲ್ಲಿ, 53 ವರ್ಷದ ಭಕ್ತನೊಬ್ಬ ಬೈಬಲ್ ಓದುವ ಆಸೆಯಿಂದ ಜೇಕಬ್ಸ್ ಅವರ ಬಳಿ ಅಕ್ಷರ ಕಲಿಯುವ ಪ್ರಸಂಗವೂ ಬರುತ್ತದೆ. ಕಾನೂನಿಗೆ ವಿರುದ್ಧವೆಂದು ತಿಳಿದೂ ಅವರು ಕಲಿಸುತ್ತಾರೆ. ಡಗ್ಲಾಸ್ ಅವರಲ್ಲಿ ಕಂಡಂತೆ ಇಲ್ಲಿಯೂ ಕಲಿತವರು ಕಲಿಸುವವರಾಗುತ್ತಾರೆ.

5. ರಿಚರ್ಡ್ ರೈಟ್ ಮತ್ತು ಮಾಯಾ ಏಂಜೆಲೊ: ಕಾನೂನು ಹೋದ ಮೇಲೆ

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಓದಿನ ಮೇಲಿನ ಕಾವಲು ಮಾತ್ರ ಬೇರೆ ರೂಪದಲ್ಲಿ ಮುಂದುವರಿಯಿತು. 1945ರಲ್ಲಿ ಪ್ರಕಟವಾದ ರಿಚರ್ಡ್ ರೈಟ್ ಅವರ 'ಬ್ಲ್ಯಾಕ್ ಬಾಯ್' ಇದಕ್ಕೆ ಸಾಕ್ಷಿ. ಮೆಂಫಿಸ್ ನಗರದ ಸಾರ್ವಜನಿಕ ಗ್ರಂಥಾಲಯದಿಂದ ಕಪ್ಪು ಯುವಕನಾದ ರೈಟ್ ತನ್ನ ಹೆಸರಿನಲ್ಲಿ ಪುಸ್ತಕ ಪಡೆಯುವಂತಿರಲಿಲ್ಲ. ಎಚ್.ಎಲ್. ಮೆಂಕೆನ್ ಎಂಬ ಲೇಖಕನನ್ನು ದಕ್ಷಿಣದ ಪತ್ರಿಕೆಯೊಂದು ಕಟುವಾಗಿ ಹಳಿದುದನ್ನು ಕಂಡು, ದಕ್ಷಿಣದ ಬಿಳಿಯರು ಇಷ್ಟೊಂದು ದ್ವೇಷಿಸುವವನು ಏನು ಬರೆದಿರಬಹುದೆಂಬ ಕುತೂಹಲ ಅವನಲ್ಲಿ ಹುಟ್ಟುತ್ತದೆ. ಹ್ಯೂ ಆಲ್ಡ್‌ನ ಮಾತು ಬಾಲಕ ಡಗ್ಲಾಸನ ಮೇಲೆ ಮಾಡಿದ ಪರಿಣಾಮವನ್ನೇ ಇಲ್ಲಿ ಪತ್ರಿಕೆಯ ಬೈಗುಳ ಮಾಡುತ್ತದೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಐರಿಷ್ ಮೂಲದ ಬಿಳಿಯನೊಬ್ಬನ ಗ್ರಂಥಾಲಯದ ಕಾರ್ಡನ್ನು ಎರವಲು ಪಡೆದು, ಅವನೇ ಬರೆದಂತೆ ಚೀಟಿಯೊಂದನ್ನು ಸೃಷ್ಟಿಸಿ ರೈಟ್ ಪುಸ್ತಕಗಳನ್ನು ತರುತ್ತಾನೆ. ಈ ಪುಸ್ತಕಗಳನ್ನು ನೀನೇ ಓದುತ್ತಿಲ್ಲವಷ್ಟೆ ಎಂದು ಗ್ರಂಥಪಾಲಕಿ ಸಂಶಯಪಟ್ಟಾಗ ತನಗೆ ಓದಲು ಬಾರದೆಂದು ಉತ್ತರಿಸುತ್ತಾನೆ.

ಜೇಕಬ್ಸ್ ಆಡಿದ ಮಾತನ್ನೇ, ಗುಲಾಮಗಿರಿ ಅಳಿದು ಆರು ದಶಕಗಳಾದ ಮೇಲೆ, ರೈಟ್ ಮತ್ತೆ ಆಡಬೇಕಾಗುತ್ತದೆ. ಕಾಲ, ಲಿಂಗ, ಕಾನೂನು ಎಲ್ಲವೂ ಬೇರೆ. ತಾನು ಅನಕ್ಷರಸ್ಥ ಎಂಬ ನಟನೆ ಮಾತ್ರ ಒಂದೇ. ಸಾಕ್ಷರತೆಯನ್ನು ಸಾಧನೆಯಾಗಿ ಮೆರೆಸುವ ಓದಿನಲ್ಲಿ ಈ ನಟನೆಗೆ ಜಾಗ ಸಿಗುವುದಿಲ್ಲ. ಕಲಿತದ್ದನ್ನು ತೋರಿಸಿಕೊಳ್ಳುವುದು ಒಬ್ಬರಿಗೆ ಗೌರವವಾದರೆ ಇನ್ನೊಬ್ಬರಿಗೆ ಪ್ರಾಣಾಪಾಯ. ಸಾಕ್ಷರತೆಯ ಅರ್ಥವು ಅದನ್ನು ಹೊತ್ತವರ ಸಾಮಾಜಿಕ ಸ್ಥಾನದಿಂದ ನಿರ್ಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ರೈಟ್ ಪಾಲಿಗೂ ಓದು ನೆಮ್ಮದಿ ತರಲಿಲ್ಲ. ಅದು ಅವರಲ್ಲಿ ಹಸಿವನ್ನು ಹುಟ್ಟಿಸಿತು, ಸುತ್ತಲಿನವರಿಂದ ದೂರವಾಗಿಸಿತು, 1927ರಲ್ಲಿ ಷಿಕಾಗೋಗೆ ವಲಸೆ ಹೋಗುವಂತೆ ಮಾಡಿತು. ಉತ್ತರದ ಅನುಭವಗಳ ಭಾಗವನ್ನು 1945ರ ಆವೃತ್ತಿಯಿಂದ ಕೈಬಿಡಲಾಗಿತ್ತು. 'ಅಮೆರಿಕನ್ ಹಂಗರ್' ಎಂಬ ಹೆಸರಿನಲ್ಲಿ ಅದು ಪುಸ್ತಕರೂಪದಲ್ಲಿ ಹೊರಬಂದದ್ದು 1977ರಲ್ಲಿ. ದಕ್ಷಿಣದಿಂದ ಪಾರಾಗಿ ಹೊರಡುವಲ್ಲಿಗೆ ಮುಗಿದ ಕತೆ ಓದುಗರಿಗೆ ಭರವಸೆಯ ಕತೆಯಾಗಿ ಕಂಡಿತು. ಉತ್ತರದಲ್ಲೂ ಹಸಿವು ಇಂಗಲಿಲ್ಲ ಎಂಬ ಉಳಿದರ್ಧ ಮೂರು ದಶಕ ಕಾಯಬೇಕಾಯಿತು.

ಮಾಯಾ ಏಂಜೆಲೊ ಅವರ 'ಐ ನೋ ವೈ ದಿ ಕೇಜ್ಡ್ ಬರ್ಡ್ ಸಿಂಗ್ಸ್' (1969) ಇದಕ್ಕೆ ಬೇರೊಂದು ಆಯಾಮ ಕೊಡುತ್ತದೆ. ಬಾಲ್ಯದಲ್ಲಿ ಅತ್ಯಾಚಾರಕ್ಕೊಳಗಾಗಿ ಮಾತು ನಿಲ್ಲಿಸಿದ್ದ ಹುಡುಗಿಯನ್ನು ಅರ್ಕನ್ಸಾಸಿನ ಸ್ಟ್ಯಾಂಪ್ಸ್ ಎಂಬ ಊರಿನ ಶ್ರೀಮತಿ ಫ್ಲವರ್ಸ್ ಮನೆಗೆ ಕರೆದು, ಪುಸ್ತಕಗಳನ್ನು ಕೊಟ್ಟು, ಗಟ್ಟಿಯಾಗಿ ಓದಲು ಹೇಳುತ್ತಾರೆ. ಕಾಗದದ ಮೇಲಿನ ಪದಕ್ಕೆ ಮನುಷ್ಯಧ್ವನಿ ತಗುಲಿದಾಗಲೇ ಅರ್ಥ ಪೂರ್ಣವಾಗುತ್ತದೆ ಎಂಬುದು ಅವರ ಪಾಠ. ಅಜ್ಞಾನವನ್ನು ಸಹಿಸಬಾರದು, ಆದರೆ ನಿರಕ್ಷರತೆಯನ್ನು ಅರ್ಥಮಾಡಿಕೊಳ್ಳಬೇಕು ಎಂಬ ವಿವೇಕವನ್ನೂ ಅವರು ಕಲಿಸುತ್ತಾರೆ. ಓದು ಬಾರದ ಹಿರಿಯರಲ್ಲೂ ತಲೆಮಾರುಗಳ ಜಾಣ್ಮೆ ಇದೆ ಎಂಬ ತಿಳಿವಳಿಕೆ ಇಲ್ಲಿ ಅಕ್ಷರದ ಅಹಂಕಾರಕ್ಕೆ ಕಡಿವಾಣವಾಗಿದೆ. ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರು 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' (1903) ಕೃತಿಯ ಅಧ್ಯಾಯಗಳ ತಲೆಯಲ್ಲಿ ಗುಲಾಮರ ಶೋಕಗೀತೆಗಳ ಸ್ವರಲಿಪಿಯನ್ನು, ಸಾಹಿತ್ಯವಿಲ್ಲದೆ, ಮುದ್ರಿಸಿದ್ದರ ಹಿಂದೆಯೂ ಇಂಥ ವಿವೇಕವಿದೆ. ಹಾಡು ಉಳಿಸಿಕೊಂಡು ಬಂದ ಚರಿತ್ರೆಗೆ ಅಕ್ಷರವು ಉತ್ತರಾಧಿಕಾರಿಯೇ ಹೊರತು ಬದಲಿಯಲ್ಲ.

6. ಮಾಲ್ಕಂ ಎಕ್ಸ್: ಸೆರೆಮನೆಯ ನಿಘಂಟು

1965ರಲ್ಲಿ ಹತ್ಯೆಗೀಡಾದ ಮಾಲ್ಕಂ ಎಕ್ಸ್ ಅವರ ಆತ್ಮಕಥೆ ಅದೇ ವರ್ಷ ಅಲೆಕ್ಸ್ ಹೇಲಿಯವರ ನಿರೂಪಣೆಯಲ್ಲಿ ಪ್ರಕಟವಾಯಿತು. ಸೆರೆಮನೆಯಲ್ಲಿ ಅವರು ನಿಘಂಟನ್ನು ಮೊದಲ ಪುಟದಿಂದ ನಕಲು ಮಾಡುತ್ತ ಭಾಷೆ ಕಲಿತ ಪ್ರಸಂಗ ಪ್ರಸಿದ್ಧವಾಗಿದೆ. ರಾತ್ರಿ ದೀಪ ಆರಿಸಿದ ಮೇಲೆ ಪಡಸಾಲೆಯಿಂದ ಬೀಳುವ ಮಂದ ಬೆಳಕಿನಲ್ಲಿ ಓದಿ, ಕಾವಲುಗಾರನ ಹೆಜ್ಜೆ ಸಪ್ಪಳ ಕೇಳಿದೊಡನೆ ಹಾಸಿಗೆ ಸೇರಿ, ಅವನು ದಾಟಿದ ಮೇಲೆ ಮತ್ತೆ ಎದ್ದು ಓದುತ್ತಿದ್ದರು. ವ್ಯಕ್ತಿತ್ವ ವಿಕಸನದ ಉಪನ್ಯಾಸಗಳಿಗೆ ಈ ಚಿತ್ರ ಬಹಳ ಪ್ರಿಯವಾದುದು. ಆದರೆ ಅವರು ಓದಿದ್ದೇನು ಎಂಬುದನ್ನು ಬಿಟ್ಟು, ಹೇಗೆ ಓದಿದರು ಎಂಬುದನ್ನು ಮಾತ್ರ ಹೇಳಿದರೆ ಪ್ರಸಂಗದ ಅರ್ಧವೇ ಉಳಿಯುತ್ತದೆ.

ವಿಲ್ ಡ್ಯುರಾಂಟ್, ಎಚ್.ಜಿ. ವೆಲ್ಸ್, ಡು ಬಾಯ್ಸ್, ಕಾರ್ಟರ್ ವುಡ್ಸನ್ ಮೊದಲಾದವರ ಕೃತಿಗಳನ್ನು ಅವರು ಓದಿದ್ದು ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತ: ಕಪ್ಪು ಜನರ ಚರಿತ್ರೆ ಪುಸ್ತಕಗಳಿಂದ ಹೇಗೆ ಮಾಯವಾಯಿತು? ಆ ಹುಡುಕಾಟ ಅಮೆರಿಕದ ಗಡಿಯಲ್ಲಿ ನಿಲ್ಲುವುದಿಲ್ಲ. ಭಾರತದಲ್ಲಿ ಬ್ರಿಟಿಷರ ಆಳ್ವಿಕೆ, 1857ರ ದಂಗೆ, ಚೀನಾದ ಅಫೀಮು ಯುದ್ಧಗಳು ಅವರ ಓದಿನ ಭಾಗವಾಗುತ್ತವೆ. ಅನ್ಯ ಸಂಸ್ಕೃತಿಗಳ ಓದು ಇಲ್ಲಿ ಸಮಾನದುಃಖಿಗಳನ್ನು ಗುರುತಿಸುವ ಕ್ರಿಯೆ. ಸೆರೆಮನೆಯ ಓದು ತಂದ ನಿಲುವುಗಳಲ್ಲಿ ಅವರು ಕೊನೆಯವರೆಗೂ ನಿಲ್ಲಲಿಲ್ಲ ಎಂಬುದೂ ಮುಖ್ಯ. 1964ರ ಮೆಕ್ಕಾ ಯಾತ್ರೆಯ ಬಳಿಕ ಬಿಳಿಯರನ್ನು ಕುರಿತ ತಮ್ಮ ಸಾರಾಸಗಟು ತೀರ್ಮಾನಗಳನ್ನು ತಾವೇ ಪರಿಷ್ಕರಿಸಿಕೊಂಡರು. ಓದಿನಿಂದ ಬೆಳೆದ ವ್ಯಕ್ತಿತ್ವ ಎಂದರೆ ತನ್ನ ಓದನ್ನೂ ಮರುಪರಿಶೀಲಿಸಬಲ್ಲ ವ್ಯಕ್ತಿತ್ವ ಎಂಬುದನ್ನು ಈ ಕೃತಿಯ ಕೊನೆಯ ಭಾಗ ತೋರಿಸುತ್ತದೆ.

7. ಕನ್ನಡದ ಓದಿನ ನೆಲೆ

ಈ ಕೃತಿಗಳಿಗೂ ನಮ್ಮ ನೆಲದ ಜಾತಿಪ್ರಶ್ನೆಗೂ ಇರುವ ನಂಟು ವಿಮರ್ಶಕರು ಹೊಸದಾಗಿ ಕಟ್ಟಿದ್ದಲ್ಲ. ಜೋತಿರಾವ್ ಫುಲೆಯವರು 1873ರಲ್ಲಿ ಪ್ರಕಟಿಸಿದ ಮರಾಠಿಯ 'ಗುಲಾಮಗಿರಿ'ಯನ್ನು, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಲು ಶ್ರಮಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಲಾದ ಮನವಿಯ ಪ್ರತಿಗಳನ್ನು ಕೇಳಿದರು. ಡು ಬಾಯ್ಸ್ ಅದೇ ಜುಲೈ ತಿಂಗಳಲ್ಲಿ ಉತ್ತರಿಸಿದರು. 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನು 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ತಮ್ಮದಾಗಿಸಿಕೊಂಡಿತು.

ನಂಟು ಇದೆಯೆಂದ ಮಾತ್ರಕ್ಕೆ ಎರಡು ಅನುಭವಗಳೂ ಒಂದೇ ಎಂದಾಗದು. ಅಮೆರಿಕದ ಅಕ್ಷರನಿಷೇಧಕ್ಕೆ ಶಾಸನದ ಇಸವಿಯಿದೆ, ದಂಡದ ಮೊತ್ತವಿದೆ, ರದ್ದಾದ ಕಾಲವಿದೆ. ನಮ್ಮಲ್ಲಿ ಅದು ಬಹುಮಟ್ಟಿಗೆ ಧರ್ಮಶಾಸ್ತ್ರ ಮತ್ತು ರೂಢಿಯ ಬಲದಿಂದ ನಡೆಯಿತು. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ್ ಬಾಲಕನೊಬ್ಬನ ಪರವಾಗಿ ಸರ್ಕಾರಕ್ಕೆ ಮನವಿ ಸಲ್ಲಿಸಲಾಯಿತು. ಅವನನ್ನು ತಡೆಯುವ ಕಾನೂನು ಯಾವುದೂ ಇರಲಿಲ್ಲ. ಆದರೂ ಒಬ್ಬನ ಸಲುವಾಗಿ ಶಾಲೆಯನ್ನು ಉಳಿದವರ ಪಾಲಿಗೆ ನಿರುಪಯುಕ್ತವಾಗಿಸುವುದು ಸರಿಯಲ್ಲವೆಂದು ಮುಂಬಯಿ ಸರ್ಕಾರ ಪ್ರವೇಶ ನಿರಾಕರಿಸಿತು. ಈ ಪ್ರಕರಣವನ್ನು ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ದಾಖಲಿಸಿದ್ದಾರೆ. ಇಲ್ಲಿ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಡಗ್ಲಾಸ್ ಬೆಳೆದ ಮೇರಿಲ್ಯಾಂಡಿನಲ್ಲೂ ಗುಲಾಮರಿಗೆ ಓದು ಕಲಿಸುವುದನ್ನು ನಿಷೇಧಿಸುವ ಶಾಸನವಿರಲಿಲ್ಲ. ಹ್ಯೂ ಆಲ್ಡ್ ಅದು ಕಾನೂನುಬಾಹಿರವೆಂದು ಹೇಳಿದಾಗ ರೂಢಿಯೇ ಕಾನೂನಿನ ದನಿಯಲ್ಲಿ ಮಾತನಾಡುತ್ತಿತ್ತು. ಬಾಲ್ಟಿಮೋರನ್ನು ಧಾರವಾಡದ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗುವುದು ಈ ಬಿಂದುವಿನಲ್ಲಿ. ರದ್ದುಪಡಿಸಲು ಶಾಸನವೇ ಇಲ್ಲದ ಕಡೆ ನಿಷೇಧವು ಯಾವಾಗ ಕೊನೆಗೊಂಡಿತೆಂದು ಹೇಳುವುದೂ ಕಷ್ಟವಾಗುತ್ತದೆ.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಮೊದಲಾದ ಕನ್ನಡದ ಆತ್ಮಕಥನಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಬೇಕು. ಇವುಗಳ ಲೇಖಕರು ಶಾಲೆಯ ಬಾಗಿಲು ಕಾನೂನಿನಲ್ಲಿ ತೆರೆದ ಮೇಲೆ ಓದಿದವರು. ಅವರ ಕಥನಗಳಲ್ಲಿ ಅವಮಾನವಿರುವುದು ತೆರೆದ ಬಾಗಿಲಿನ ಒಳಗೆ. 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಶೀರ್ಷಿಕೆಯೇ ಕಲಿತ ದಲಿತನನ್ನು ಸಮಾಜ ಕಾಣುವ ಕುಹಕದ ನೋಟವನ್ನು ಹಿಡಿದು ತಿರುಗಿಸಿ ತೋರುತ್ತದೆ. 'ಊರುಕೇರಿ'ಯ ನಗೆಯನ್ನು ಡಗ್ಲಾಸ್ ಅವರ ವಾಗ್ಮಿತೆಯ ಗಾಂಭೀರ್ಯದಿಂದ ಅಳೆಯಲಾಗದು. ಹೋಲಿಕೆಯು ಎರಡೂ ಕೃತಿಗಳ ವಿಶಿಷ್ಟತೆಯನ್ನು ಎತ್ತಿ ತೋರಬೇಕು. ಒಂದನ್ನು ಇನ್ನೊಂದರ ನೆರಳಾಗಿಸಬಾರದು. ಮಂಟೇಸ್ವಾಮಿ, ಮಲೆಮಾದೇಶ್ವರರ ಕಾವ್ಯಗಳನ್ನು ನಾಲಗೆಯ ಮೇಲೆ ಉಳಿಸಿಕೊಂಡು ಬಂದ ಸಮುದಾಯಗಳ ನಾಡಿನಲ್ಲಿ, ಓದು ಬಾರದವರೆಲ್ಲ ಚರಿತ್ರೆಯಿಲ್ಲದವರೆಂಬ ಭ್ರಮೆಗೂ ಎಡೆ ಕೊಡಬಾರದು.

8. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಕೃತಿಗಳಲ್ಲಿ ಓದು ವೈಯಕ್ತಿಕ ಹವ್ಯಾಸವಲ್ಲ. ಅದರ ಹಿಂದೆ ನಿಷೇಧದ ಚರಿತ್ರೆಯಿದೆ. ಎರಡನೆಯದಾಗಿ, ಓದು ತರುವ ಮೊದಲ ಅನುಭವ ನೋವು. ಡಗ್ಲಾಸ್ ಅವರ ಅಸೂಯೆ, ಜೇಕಬ್ಸ್ ಅವರ ನಿರಾಕರಣೆ, ರೈಟ್ ಅವರ ಹಸಿವು ಈ ನೋವಿನ ಬೇರೆಬೇರೆ ರೂಪಗಳು. ಮೂರನೆಯದಾಗಿ, ಆ ನೋವು ಅರ್ಥ ಪಡೆಯುವುದು ಇತರರೊಡನೆ ಸೇರಿದಾಗ. ಗುಟ್ಟಾದ ಭಾನುವಾರದ ಶಾಲೆಯಲ್ಲಿ, ಮುದುಕನಿಗೆ ಹೇಳಿಕೊಟ್ಟ ಅಕ್ಷರದಲ್ಲಿ, ಮೂಕವಾಗಿದ್ದ ಹುಡುಗಿಯ ಮುಂದೆ ತೆರೆದ ಪುಸ್ತಕದಲ್ಲಿ ಅದು ಕಾಣುತ್ತದೆ.

ಇದರಿಂದ ನಮ್ಮ ಬೋಧನೆಗೂ ಕೆಲವು ಪ್ರಶ್ನೆಗಳು ಒದಗುತ್ತವೆ. ಇಂಥ ಆತ್ಮಕಥನವನ್ನು ಪಾಠ ಮಾಡುವಾಗ ನಾಯಕನ ಛಲವನ್ನು ಕೊಂಡಾಡುವ ಮೊದಲು, ಅವನು ಅಷ್ಟು ಛಲ ತೊಡಬೇಕಾಗಿ ಬಂದದ್ದೇಕೆ ಎಂದು ವಿದ್ಯಾರ್ಥಿಗಳಿಂದ ಕೇಳಿಸಬೇಕು. ಅವನೊಂದಿಗೆ ಓದಲಾಗದೆ ಉಳಿದವರು ಕಥನದಲ್ಲಿ ಎಲ್ಲಿದ್ದಾರೆಂದು ಹುಡುಕಿಸಬೇಕು. ತರಗತಿಯಲ್ಲಿ ಕುಳಿತವರಲ್ಲಿ ಕೆಲವರಿಗೆ ಇದು ದೂರದೇಶದ ಕತೆಯಾದರೆ, ಇನ್ನು ಕೆಲವರಿಗೆ ತಮ್ಮ ಮನೆಯ ಮೊದಲ ಅಕ್ಷರಸ್ಥರ ಕತೆಯಾಗಿರಬಹುದು ಎಂಬ ಎಚ್ಚರ ಅಧ್ಯ್ಾಪಕರಿಗಿರಬೇಕು. ಎಲ್ಲರೂ ಒಂದೇ ಬಗೆಯಲ್ಲಿ ಸ್ಫೂರ್ತಿ ಪಡೆಯಬೇಕೆಂದು ಅಪೇಕ್ಷಿಸುವುದು ಆ ಎಚ್ಚರಕ್ಕೆ ವಿರುದ್ಧ. ಅನ್ಯರ ಚರಿತ್ರೆಯನ್ನು ಓದಿ ನಾವು ಬೆಳೆಯುವುದು ನಿಜವಾದರೆ, ಅಕ್ಷರವು ನಮಗೆ ಎಷ್ಟು ಸುಲಭವಾಗಿ ಅಥವಾ ಎಷ್ಟು ಕಷ್ಟದಿಂದ ಬಂತು ಎಂಬುದನ್ನು ನಮ್ಮ ನಮ್ಮ ಮನೆಗಳ ಚರಿತ್ರೆಯಲ್ಲಿ ಹುಡುಕುವುದೇ ಆ ಬೆಳವಣಿಗೆಯ ಮೊದಲ ಹೆಜ್ಜೆಯಾಗಬೇಕು.